ಬಾಲವಿಲ್ಲದ ಚುಕ್ಕೆ

ಪಿಸ್ತೂಲು ಕಂಡರೆ ನನಗೆ ಯಾವತ್ತೂ ಹೆದರಿಕೆ ಆದದ್ದಿಲ್ಲ. ಜಿರಳೆ ಕಂಡರೆ ಕುರ್ಚಿ ಹತ್ತಿ ನಿಂತು ಪಕ್ಕದ ಮನೆಗೆ ಕೇಳುವಂತೆ ಕಿರುಚುವವಳು ನಾನು, ಅದನ್ನು ಬೇಕಾದರೆ ಒಪ್ಪಿಕೊಳ್ಳುತ್ತೇನೆ. ಆದರೆ ಆ ಕಬ್ಬಿಣದ ತುಂಡನ್ನು ಹಿಡಿದು, ತೋಳು ಚಾಚಿ, ಉಸಿರು ಅರ್ಧ ಬಿಟ್ಟು ನಿಂತರೆ ಮನಸ್ಸು ತಣ್ಣಗಾಗುತ್ತಿತ್ತು. ಹೆಂಗಸರಿಗೆ ಇದೆಲ್ಲ ಯಾಕೆ ಅಂತ ಕೇಳಿದವರಿಗೆಲ್ಲ, ನಿಮಗೆ ಯಾಕೆ ಬೇಕು ಆ ಉಸಾಬರಿ ಅಂತ ತಿರುಗಿಸಿ ಕೇಳಿದ್ದೇನೆ. ನನಗೆ ಹೆದರಿಕೆ ಇದ್ದದ್ದು ಒಂದಕ್ಕೇ, ಕಣ್ಣು ಹೋಗುವುದಕ್ಕೆ. ನಮ್ಮಮ್ಮನಿಗೆ ಹೋಗಿತ್ತು.

ಅಮ್ಮನ ಕಣ್ಣು ಒಂದೇ ದಿನ ಹೋದದ್ದಲ್ಲ. ಹಾಗೆ ಹೋಗಿದ್ದರೆ ಯಾರಾದರೂ ಅಯ್ಯೋ ಪಾಪ ಅನ್ನುತ್ತಿದ್ದರು. ಅದು ಅಂಚಿನಿಂದ ಹೋಗುತ್ತಾ ಬಂತು. ಮೊದಲು ಅಡುಗೆಕಟ್ಟೆಯ ತುದಿಯಲ್ಲಿಟ್ಟ ಲೋಟಗಳು ಕೈ ತಗುಲಿ ಬೀಳತೊಡಗಿದವು. ಆಮೇಲೆ ಬಾಗಿಲಿನ ಚೌಕಟ್ಟಿಗೆ ಭುಜ ಬಡಿಯತೊಡಗಿತು. ಮನೆಯವರೆಲ್ಲ ಇವಳಿಗೆ ನಿಗಾ ಇಲ್ಲ ಅಂದರು. ಪಂಚಾಂಗದ ಇರುವೆಸಾಲಿನಂಥ ಅಕ್ಷರ ಓದುತ್ತಿದ್ದವಳಿಗೆ ಕಣ್ಣು ಕಾಣುವುದಿಲ್ಲ ಅಂತ ಯಾರು ತಾನೇ ಅಂದುಕೊಂಡಾರು? ಕಣ್ಣಿನೊಳಗಿನ ಒತ್ತಡ ಜಾಸ್ತಿಯಾಗಿ ನರ ಸೊರಗಿದೆ ಅಂತ ಡಾಕ್ಟರು ಹೇಳುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿಯಾಗಿತ್ತು. ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಅಂದರು. ಕೊನೆಕೊನೆಗೆ ಅಮ್ಮ ಕಾಫಿ ಬಗ್ಗಿಸುವಾಗ ಲೋಟದೊಳಗೆ ತೋರುಬೆರಳಿನ ತುದಿ ಇಳಿಬಿಟ್ಟುಕೊಳ್ಳುತ್ತಿದ್ದಳು. ಬೆರಳಿಗೆ ಬಿಸಿ ತಾಗಿದರೆ ಲೋಟ ತುಂಬಿತು ಅಂತ ಗೊತ್ತು ಮಾಡಿಕೊಳ್ಳುತ್ತಿದ್ದಳು.

ಆ ಡಾಕ್ಟರು ನನ್ನ ಕಡೆಗೂ ತಿರುಗಿ, ಇದು ಮನೆತನದಲ್ಲಿ ಇಳಿದು ಬರುವ ಕಾಯಿಲೆ, ನೀವೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳುತ್ತಿರಿ ಅಂದಿದ್ದರು. ಆಗಲಿ ಸಾರ್ ಅಂದೆ. ಹೋಗಲಿಲ್ಲ. ಹೋದರೆ ತಾನೇ ಅವರು ಏನಾದರೂ ಹೇಳುವುದು? ಕನ್ನಡಕದ ಅಂಗಡಿಗೆ ಹೋಗಿ ನಂಬರು ಬದಲಾಯಿಸಿಕೊಂಡು ಬರುತ್ತಿದ್ದೆ. ಅವರು ಅಕ್ಷರ ಓದಿಸಿ ಕನ್ನಡಕ ಕೊಟ್ಟು ಕಳಿಸುತ್ತಿದ್ದರು. ಅಷ್ಟಕ್ಕೇ ನನಗೆ ಪರಮ ಸುಖ.

ಇನ್ನು ಪಿಸ್ತೂಲಿನ ವಿಷಯ. ನಾನು ಕೆಲಸಕ್ಕಿದ್ದದ್ದು ಸರ್ಕಾರಿ ಕಾರ್ಖಾನೆಯೊಂದರ ವೈರಿಂಗ್ ಸೆಕ್ಷನ್ನಿನಲ್ಲಿ. ದಿನವಿಡೀ ಕೂದಲೆಳೆಯಂಥ ತಂತಿಗಳಿಗೆ ಬೆಸುಗೆ ಹಾಕುವ ಕೆಲಸ. ಕಾರ್ಖಾನೆಗೆ ಅಂತಲೇ ಒಂದು ರೈಫಲ್ ಕ್ಲಬ್ ಇತ್ತು. ಕೈ ನಡುಗದ ಹೆಂಗಸರನ್ನು ಕಳಿಸಿ ಅಂತ ಅವರು ಕೇಳಿದಾಗ ಸೂಪರ್‌ವೈಸರು ನನ್ನನ್ನು ತೋರಿಸಿದರು. ಹಾಗೆ ಹಿಡಿದದ್ದು ಬಿಡಲಿಲ್ಲ. ರಿಟೈರಾದ ಮೇಲೆ ನಮ್ಮಂಥ ಹಳಬರು ಸೇರಿಕೊಂಡಿರುವ ಚಿಕ್ಕ ಕ್ಲಬ್ಬಿಗೆ ಬರತೊಡಗಿದೆ. ಬೊಮ್ಮಸಂದ್ರದಿಂದ ಜಿಗಣಿ ಕಡೆ ಹೋಗುವಾಗ ಒಳರಸ್ತೆಯಲ್ಲಿ ನಮ್ಮ ಶೆಡ್ಡು. ಒಂದು ಕಡೆ ಔಷಧಿ ಕಂಪನಿಯ ವಾಸನೆ, ಇನ್ನೊಂದು ಕಡೆ ಲಾರಿಗಳಿಗೆ ಬಣ್ಣ ಹೊಡೆಯುವ ಗ್ಯಾರೇಜು. ಶೆಡ್ಡು ಹಾಕಿದಾಗ ಹಿಂದುಗಡೆ ನೀಲಗಿರಿ ತೋಪಿತ್ತಂತೆ. ಈಗ ಅದೆಲ್ಲ ಕಡಿದು, ಮಣ್ಣು ತುಂಬಿಸಿ ಜಾಗ ಎತ್ತರಿಸಿ, ಡಬ್ಬಿಗಳಿಗೆ ಲೇಬಲ್ ಹಚ್ಚಿ ಪ್ಯಾಕ್ ಮಾಡುವ ಒಂದು ಘಟಕ ಬಂದಿದೆ. ನಮ್ಮ ಗುರಿಹಲಗೆಗಳ ಹಿಂದೆ ಉಕ್ಕಿನ ತಗಡು, ಮರಳಿನ ಚೀಲ, ಅದರ ಮೇಲೆ ಮಾಡಿನವರೆಗೂ ಬರೀ ಜಿಂಕ್ ಶೀಟು. ಹಿಂದಿನ ಜಾಗ ಎತ್ತರವಾಯಿತಲ್ಲ, ನಮ್ಮ ಗೋಡೆಯನ್ನೂ ಎತ್ತರಿಸಬೇಕು ಅಂತ ಪ್ರತಿ ಮೀಟಿಂಗಿನಲ್ಲೂ ಮಾತಾಗುತ್ತಿತ್ತು. ಮಾತಾಗಿ, ಕಾಫಿ ಕುಡಿದು, ಎಲ್ಲರೂ ಎದ್ದು ಹೋಗುತ್ತಿದ್ದೆವು.

ಪಿಸ್ತೂಲಿನ ಮೇಲೆ ಗುರಿ ಹಿಡಿಯಲು ಎರಡು ತುಂಡುಗಳಿರುತ್ತವೆ. ಕಣ್ಣಿನ ಕಡೆ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮೊಳೆಯಂಥ ಚೂರು. ಕಚ್ಚಿನ ನಡುವೆ ಆ ಚೂರು ನಿಲ್ಲಬೇಕು, ದೂರದ ಹಲಗೆಯ ಕಪ್ಪು ವೃತ್ತ ಅದರ ಮೇಲೆ ಕೂರಬೇಕು. ಕಣ್ಣು ಚೂರನ್ನು ಸ್ಪಷ್ಟವಾಗಿ ನೋಡಬೇಕು, ಉಳಿದದ್ದು ಮಸುಕಾದರೆ ಆಗಲಿ. ಐವತ್ತು ದಾಟಿದ ಮೇಲೆ ನನಗೆ ಆ ಚೂರೇ ಮಸುಕಾಯಿತು. ಓದುವ ಕನ್ನಡಕ ಹಾಕಿದರೆ ಚೂರು ಬರುತ್ತಿತ್ತು, ವೃತ್ತ ಮಾಯ. ತೆಗೆದರೆ ವೃತ್ತ ಬರುತ್ತಿತ್ತು, ಚೂರು ಮಾಯ. ಕೆಲವು ವರ್ಷ ಹೇಗೋ ಅಂದಾಜಿನ ಮೇಲೆ ತಳ್ಳಿದೆ. ಆಮೇಲೆ ಕ್ಲಬ್ಬಿನ ಕಾರ್ಯದರ್ಶಿ, ನಮ್ಮ ಕಾರ್ಖಾನೆಯ ಭದ್ರತಾ ವಿಭಾಗದಲ್ಲೇ ಇದ್ದು ರಿಟೈರಾದವರು, ಹಿರಿಯರಿಗೆ ಇರಲಿ ಅಂತ ಗುರಿ ಹಿಡಿಯುವ ಒಂದು ಎಲೆಕ್ಟ್ರಾನಿಕ್ ಸೈಟ್ ತರಿಸಿ ಕ್ಲಬ್ಬಿನ ಪಾಯಿಂಟ್ ಟೂ ಟೂ ಅನ್ನುವ ಪುಟ್ಟ ಗುಂಡಿನ ಪಿಸ್ತೂಲಿನ ನೆತ್ತಿಗೆ ಕೂರಿಸಿದರು.

ಅದೇನು ದೊಡ್ಡ ವಿದ್ಯೆಯಲ್ಲ. ಬೆಂಕಿಪೊಟ್ಟಣದಷ್ಟು ಅಗಲದ ಗಾಜಿನ ಕಿಟಕಿ, ಒಳಗೆ ಬ್ಯಾಟರಿ. ಗುಂಡಿ ಒತ್ತಿದರೆ ಗಾಜಿನಲ್ಲಿ ಒಂದು ಕೆಂಪು ಚುಕ್ಕೆ ತೇಲುತ್ತದೆ. ಗಾಜು ಹತ್ತಿರ ಇದ್ದರೂ ಚುಕ್ಕೆ ಮಾತ್ರ ಗುರಿಯಷ್ಟೇ ದೂರದಲ್ಲಿ ಇರುವ ಹಾಗೆ ಕಾಣುತ್ತದೆ, ಅದಕ್ಕೇ ಹತ್ತಿರದ್ದು ಕಾಣದ ವಯಸ್ಸಾದ ಕಣ್ಣಿಗೆ ಅದು ವರ. ತಲೆ ಒಂದಿಷ್ಟು ಆಚೀಚೆ ಆದರೂ ಚಿಂತೆಯಿಲ್ಲ, ಚುಕ್ಕೆ ಎಲ್ಲಿ ಕೂತಿದೆಯೋ ಗುಂಡು ಅಲ್ಲಿಗೇ ಹೋಗುತ್ತದೆ. ದೊಡ್ಡ ಪಂದ್ಯಗಳಲ್ಲಿ ಇದಕ್ಕೆ ಅವಕಾಶವಿಲ್ಲ, ನಮ್ಮ ಹಿರಿಯರ ಗುಂಪಿನಲ್ಲಿ ಕೇಳುವವರಿಲ್ಲ. ಮಂಡಿ ನೋವಿನವರು, ಸಕ್ಕರೆ ಕಾಯಿಲೆಯವರು, ಎಲ್ಲರೂ ಅದನ್ನು ಹಿಡಿದು ಮಕ್ಕಳ ಹಾಗೆ ಕುಣಿದರು. ಚುಕ್ಕೆ ಅಂದರೆ ಚುಕ್ಕೆ, ಗಸಗಸೆ ಕಾಳಿನ ಹಾಗೆ ದುಂಡಗಿದೆ ಅಂದರು.

ನನಗೆ ದುಂಡಗೆ ಕಾಣಲಿಲ್ಲ. ನನಗೆ ಕಂಡ ಚುಕ್ಕೆಗೆ ಬಾಲವಿತ್ತು. ಕೆಳಗಡೆ ಎಡಕ್ಕೆ ಎಳೆದುಕೊಂಡು ಹೋದ ಹಾಗೆ, ಜೊತೆಗೆ ಪಕ್ಕದಲ್ಲಿ ಇನ್ನೆರಡು ಮರಿಚುಕ್ಕೆಗಳು. ಸಾಮಾನು ಸರಿಯಿಲ್ಲ, ಅಗ್ಗದ ಮಾಲು ತಂದಿದ್ದೀರಿ ಅಂತ ಕಾರ್ಯದರ್ಶಿಯವರ ಮೇಲೆ ರೇಗಿದೆ. ಅವರು ನೋಡಿ ದುಂಡಗಿದೆ ಅಂದರು. ಶೆಡ್ಡು ನೋಡಿಕೊಳ್ಳುವವನನ್ನು ಕರೆದು ತೋರಿಸಿದೆ; ಜಿಗಣಿಯಾಚೆಯ ಹಳ್ಳಿಯವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ನನ್ನನ್ನು ಅಕ್ಕ ಅನ್ನುತ್ತಾನೆ. ಅವನೂ ದುಂಡಗೈತೆ ಅಂದ. ಕೊನೆಗೆ ಯಾರೂ ಇಲ್ಲದಾಗ ಗಾಜಿನ ಹಿಂದೆ ಮೊಬೈಲ್ ಹಿಡಿದು ಒಂದು ಫೋಟೋ ತೆಗೆದೆ. ಮೊಬೈಲಿಗೆ ವಯಸ್ಸಾಗಿಲ್ಲವಲ್ಲ. ಫೋಟೋದಲ್ಲಿ ಚುಕ್ಕೆ ದುಂಡಗಿತ್ತು. ಫೋಟೋ ಅಳಿಸಿಬಿಟ್ಟೆ.

ಆವತ್ತಿನಿಂದ ಹಗಲೂ ರಾತ್ರಿ ಅದೇ ಧ್ಯಾನ. ತಾರಸಿ ಮೇಲೆ ಬಟ್ಟೆ ಒಣಹಾಕುವಾಗ ದೂರದ ಮೊಬೈಲ್ ಟವರಿನ ಕೆಂಪು ದೀಪ ನೋಡುವುದು, ಅದಕ್ಕೂ ಬಾಲ. ಬೈಕಿನ ಹಿಂದಿನ ದೀಪಕ್ಕೂ ಬಾಲ. ದೇವರ ಮನೆಯ ನಂದಾದೀಪ ನೋಡಲು ಹೆದರಿ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದೆ. ಯಜಮಾನರು ಭಕ್ತಿ ಜಾಸ್ತಿಯಾಯಿತು ಅಂದುಕೊಂಡರು. ಹೈವೇ ಪಕ್ಕದ ಸರ್ವಿಸ್ ರಸ್ತೆ ದಾಟುವಾಗ ಎಡಗಡೆಯಿಂದ ಒಂದು ಸ್ಕೂಟರು ಆಕಾಶದಿಂದ ಉದುರಿದ ಹಾಗೆ ಮುಂದೆ ಬಂದು ನಿಂತು, ಆ ಹುಡುಗಿ ನೋಡ್ಕೊಂಡು ಬನ್ನಿ ಆಂಟಿ ಅಂತ ಬೈದು ಹೋದಳು. ನಾನೂ ಬೈದೆ. ಬೈದ ಮೇಲೆ ಎಳನೀರಿನವನ ಗಾಡಿ ಹಿಡಿದುಕೊಂಡು ನಿಂತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಕ್ಲಬ್ಬಿಗೆ ಹೋಗುವುದು ನಿಲ್ಲುತ್ತದೆ, ಡಾಕ್ಟರ ಹತ್ತಿರ ಹೋಗುವುದು ಶುರುವಾಗುತ್ತದೆ.

ಬಾಲವಿದ್ದ ಚುಕ್ಕೆಯಲ್ಲೇ ಗುರಿ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡೆ. ಬಾಲ ಬಿಟ್ಟು ತಲೆಯನ್ನು ನೋಡುವುದು, ಅಷ್ಟೆ. ಹೊಡೆತಗಳು ಕೆಟ್ಟದಾಗೇನೂ ಬೀಳುತ್ತಿರಲಿಲ್ಲ. ಆದರೂ ಗಾಜಿನ ಮೇಲೇ ನನ್ನ ಅನುಮಾನವೆಲ್ಲ. ಗೀರು ಬಿದ್ದಿರಬಹುದು, ಜಿಡ್ಡು ಕೂತಿರಬಹುದು, ಅದಕ್ಕೇ ಹೀಗೆ ಕಾಣುತ್ತಿರಬಹುದು ಅಂತ ಒಂದು ಆಸೆ. ಶೆಡ್ಡಿನವನು ಒಂದು ಸಲ ಅದನ್ನು ಹೆಗಲ ಮೇಲಿನ ಟವೆಲಿನಿಂದ ಒರೆಸುತ್ತಿದ್ದದ್ದನ್ನು ನೋಡಿ, ಈ ಗಾಜಿಗೆ ಬಟ್ಟೆ ಮುಟ್ಟಿಸಿದರೆ ನಿನ್ನ ಕೈ ಮುರಿಯುತ್ತೇನೆ ಅಂತ ಎಲ್ಲರೆದುರು ಹಾರಾಡಿದ್ದೆ. ಅವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡ.

ದಸರಾಕ್ಕೆ ನಾನು ಮೈಸೂರಿನ ತಂಗಿಯ ಮನೆಗೆ ಹೋದೆ. ಹಬ್ಬ ಮುಗಿಸಿಕೊಂಡು ಬಂದ ಮೇಲೆ ಒಂದು ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಕ್ಲಬ್ಬಿಗೆ ಹೋದೆ. ಮೋಡ ಕವಿದು ಶೆಡ್ಡಿನೊಳಗೆ ಮಂಕಾಗಿತ್ತು. ಬಾಗಿಲಿಗೆ ಕಟ್ಟಿದ್ದ ಮಾವಿನೆಲೆ ಸುರುಟಿಕೊಂಡು ಇನ್ನೂ ನೇತಾಡುತ್ತಿತ್ತು, ಹೊಸಿಲ ಹತ್ತಿರ ಒಡೆದ ಬೂದುಗುಂಬಳದ ಚೂರುಗಳು. ಕಾರ್ಯದರ್ಶಿ ಕಪಾಟು ತೆಗೆದು ಪಿಸ್ತೂಲು ಕೊಟ್ಟು, ಗುರಿಗಳನ್ನು ನೋಡುವ ದೂರದರ್ಶಕದ ಹಿಂದೆ ಕುಳಿತರು. ನಾನು ಕನ್ನಡಕ ಬದಲಾಯಿಸಿ, ಎಡಗಣ್ಣಿನ ಮುಂದೆ ಎಂದಿನ ಹಾಗೆ ಕಪ್ಪು ಪಟ್ಟಿ ಇಳಿಸಿಕೊಂಡೆ. ಬಲಗೈಯಲ್ಲಿ ಹೊಡೆಯುವವರು ಹಾಗೆ ಎಡಗಣ್ಣು ಮುಚ್ಚಿಕೊಳ್ಳುವುದು ವಾಡಿಕೆ, ನಾನು ಮೂವತ್ತು ಚಿಲ್ಲರೆ ವರ್ಷದಿಂದ ಮಾಡಿಕೊಂಡು ಬಂದದ್ದು. ಸೈಟಿನ ಗುಂಡಿ ಒತ್ತಿ, ತೋಳು ಚಾಚಿದೆ.

ಚುಕ್ಕೆ ಇತ್ತು. ಬಾಲ ಇರಲಿಲ್ಲ.

ನಿಜ ಹೇಳಬೇಕೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಮಂಕಾಗಿತ್ತು, ಅಂಚು ಅಷ್ಟು ಚೂಪಾಗಿರಲಿಲ್ಲ, ಸ್ವಲ್ಪ ದಪ್ಪಗೂ ಇತ್ತು. ಬೆಳಕು ಹೆಚ್ಚಿಸುವ ಗುಂಡಿ ಒತ್ತಿದೆ, ಹೆಚ್ಚಾಗಲಿಲ್ಲ. ಬ್ಯಾಟರಿ ಇಳಿದಿರಬೇಕು, ಇಳಿಯಲಿ, ಯಾರಿಗೆ ಬೇಕು ಬೆಳಕು? ದುಂಡಗಿತ್ತಲ್ಲ! ಮರಿಚುಕ್ಕೆಗಳಿಲ್ಲ, ಎಳೆಯಿಲ್ಲ, ಏನೂ ಇಲ್ಲ. ತಂಗಿಯ ಮನೆಯಲ್ಲಿ ಚೆನ್ನಾಗಿ ನಿದ್ದೆ ಮಾಡಿದ್ದಕ್ಕೋ, ಬೆಟ್ಟ ಹತ್ತಿ ಹರಕೆ ಹೊತ್ತಿದ್ದಕ್ಕೋ, ನನ್ನ ಕಣ್ಣು ಸರಿಯಾಗಿದೆ ಅಂದುಕೊಂಡೆ. ಅಮ್ಮನಿಗೆ ಬಂದದ್ದು ನನಗೆ ಬರಲಿಲ್ಲ ಅಂದುಕೊಂಡೆ. ಆ ದುಂಡು ಚುಕ್ಕೆಯನ್ನು ಕಪ್ಪು ವೃತ್ತದ ಮೇಲೆ ಕೂರಿಸಿ, ಉಸಿರು ಅರ್ಧ ಬಿಟ್ಟು, ಕುದುರೆ ಎಳೆದೆ.

ಸದ್ದು ಬೇರೆ ಥರ ಕೇಳಿಸಿತು. ಮರಳು ಚೀಲಕ್ಕೆ ಬಿದ್ದರೆ ಧಪ್ ಅನ್ನುತ್ತದೆ, ತಗಡಿಗೆ ಬಿದ್ದರೆ ಠಣ್ ಅನ್ನುತ್ತದೆ. ಇದು ಹರಿದ ಸದ್ದು. ಕಾರ್ಯದರ್ಶಿ ದೂರದರ್ಶಕದಿಂದ ತಲೆಯೆತ್ತಲಿಲ್ಲ, ಅದನ್ನೇ ಸ್ವಲ್ಪಸ್ವಲ್ಪ ಮೇಲಕ್ಕೆ ತಿರುಗಿಸುತ್ತಾ ಹೋದರು. ಆಮೇಲೆ ಎದ್ದು ನಿಂತು, ಗಟ್ಟಿಯಾಗಿ, ಎಲ್ಲರೂ ನಿಲ್ಲಿಸಿ, ಕೆಳಗಿಡಿ ಅಂದರು. ಶೆಡ್ಡಿನಲ್ಲಿ ಹೊಡೆಯುತ್ತಿದ್ದವಳು ನಾನೊಬ್ಬಳೇ. ಅವರು ಬಂದು ಪಿಸ್ತೂಲಿನಿಂದ ಗುಂಡುಗಳನ್ನು ಖಾಲಿ ಮಾಡಿ, ಕಪಾಟಿನಲ್ಲಿಟ್ಟು ಬೀಗ ಹಾಕಿ, ಹಿಂದಿನ ಗೋಡೆಯ ಕಡೆ ಕೈ ತೋರಿಸಿದರು. ಮರಳು ಚೀಲಗಳಿಗಿಂತ ಮೇಲೆ, ಜಿಂಕ್ ಶೀಟಿನಲ್ಲಿ ಕಡಲೆಕಾಳಿನಷ್ಟು ಬೆಳಕು. ಅದಕ್ಕೆ ಬಾಲವಿತ್ತು. ನಿಚ್ಚಳವಾಗಿ, ಕೆಳಗಡೆ ಎಡಕ್ಕೆ ಎಳೆದ ಬಾಲ.

"ಮೇಡಂ, ಆಚೆ ಕಡೆ ಊಟದ ಟೈಮು" ಅಂದರು ಅವರು.

ಹಿಂದಿನ ಘಟಕಕ್ಕೆ ಹೋಗಬೇಕಾದರೆ ಒಳರಸ್ತೆಯಲ್ಲಿ ಮುಂದೆ ಹೋಗಿ, ಗ್ಯಾರೇಜು ಬಳಸಿ ಹಿಂದಕ್ಕೆ ಬರಬೇಕು. ಆ ದಾರಿಯನ್ನು ನಾನು ಹೇಗೆ ನಡೆದೆನೋ ಗೊತ್ತಿಲ್ಲ. ಕಾರ್ಯದರ್ಶಿ ಮುಂದೆ, ನಾನು ಹಿಂದೆ, ನನ್ನ ಹಿಂದೆ ಶೆಡ್ಡಿನವನು. ಕಿವಿ ಮಾತ್ರ ಮುಂದೆ ಓಡುತ್ತಿತ್ತು, ಯಾರಾದರೂ ಕೂಗುತ್ತಿದ್ದಾರಾ, ಅಳುತ್ತಿದ್ದಾರಾ ಅಂತ. ಏನೂ ಕೇಳಿಸಲಿಲ್ಲ. ಕೇಳಿಸದೆ ಇದ್ದದ್ದಕ್ಕೆ ಇನ್ನೂ ಹೆದರಿಕೆಯಾಯಿತು. ಸತ್ತವರು ಕೂಗುವುದಿಲ್ಲವಲ್ಲ. ಪುಟ್ಟ ಗುಂಡು, ಶೀಟು ಹರಿದು ಹೋಗುವಾಗಲೇ ಶಕ್ತಿ ಕಳೆದಿರುತ್ತದೆ ಅಂತ ಒಂದು ಮನಸ್ಸು ಹೇಳುತ್ತಿತ್ತು. ಮನುಷ್ಯನ ಕತ್ತಿಗೆ ಎಷ್ಟು ಶಕ್ತಿ ಬೇಕು ಅಂತ ಇನ್ನೊಂದು ಕೇಳುತ್ತಿತ್ತು. ಮಂತ್ರಾಲಯಕ್ಕೆ, ತಿರುಪತಿಗೆ, ಊರ ಮಾರಮ್ಮನಿಗೆ, ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತೆ. ಗ್ಯಾರೇಜಿನ ತಿರುವಿನಲ್ಲಿ ಎಡ ಭುಜ ಒಂದು ಕಂಬಕ್ಕೆ ಬಡಿಯಿತು. ನೋವು ಮನೆಗೆ ಹೋದ ಮೇಲೆ ಗೊತ್ತಾಯಿತು.

ಗೇಟಿನವನಿಗೆ ಕಾರ್ಯದರ್ಶಿ ಏನೋ ಹೇಳಿದರು, ಒಳಗೆ ಬಿಟ್ಟ. ಹಿತ್ತಲಿಗೆ ಹೋದೆವು. ನಮ್ಮ ಶೆಡ್ಡಿನ ಬೆನ್ನಿಗೆ ತಂತಿ ಬೇಲಿ, ಈಚೆಗೆ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಕಪ್ಪು ಪ್ಲಾಸ್ಟಿಕ್ ನೀರಿನ ಟ್ಯಾಂಕು, ಅದರ ಬುಡದಲ್ಲಿ ಕೈ ತೊಳೆಯುವ ನಲ್ಲಿಗಳು. ಟ್ಯಾಂಕಿನ ಹೊಟ್ಟೆಯಿಂದ ನೀರು ಸಣ್ಣ ಧಾರೆಯಾಗಿ ಚಿಮ್ಮುತ್ತಿತ್ತು. ಏಪ್ರನ್ ಹಾಕಿಕೊಂಡಿದ್ದ ಮೂವತ್ತರ ಒಬ್ಬ ಹೆಂಗಸು ಆ ಧಾರೆಗೆ ಬಕೆಟ್ ಹಿಡಿದು ನಿಂತಿದ್ದಳು. ನೀರು ವ್ಯರ್ಥವಾಗಬಾರದು ಅಂತ. ಅವಳ ಬೆನ್ನೆಲ್ಲ ಒದ್ದೆಯಾಗಿತ್ತು.

ನಮ್ಮನ್ನು ನೋಡಿ, ರಿಪೇರಿಗೆ ಬಂದವರು ಅಂದುಕೊಂಡಳೋ ಏನೋ, ಅವಳೇ ಶುರು ಮಾಡಿದಳು. ಡಬ್ಬಿ ತೊಳೆಯೋಕೆ ಬಗ್ಗಿದ್ದಳಂತೆ. ಟಪ್ ಅಂತ ಸದ್ದಾಯಿತಂತೆ, ಬೆನ್ನ ಮೇಲೆ ನೀರು ಬಿತ್ತಂತೆ. ಹಳೇ ಟ್ಯಾಂಕು ಬಿರಿಯಿತೇನೋ ಅಂತ ಎದ್ದು ನೋಡಿದಳಂತೆ. ಅದನ್ನೆಲ್ಲ ಹೇಳಿ, ತೂತಿನ ಪಕ್ಕದಲ್ಲಿ ನಿಂತು ಬೆರಳಿಟ್ಟು ತೋರಿಸಿದಳು. ತೂತು ಅವಳ ಕಿವಿಯ ಮಟ್ಟಕ್ಕಿತ್ತು.

ಕಾರ್ಯದರ್ಶಿ ಕಣ್ಣಲ್ಲೇ ನನಗೆ ಸುಮ್ಮನಿರಿ ಅಂದರು. ಮೊದಲು ಅವರ ಮ್ಯಾನೇಜರ ಹತ್ತಿರ ಮಾತಾಡೋಣ ಅನ್ನುವುದು ಅವರ ಉದ್ದೇಶ, ಮುಚ್ಚಿಡುವ ಮನುಷ್ಯರಲ್ಲ ಅವರು. ಆದರೆ ನನಗೆ ಆ ಒದ್ದೆ ಬೆನ್ನನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ. ಟ್ಯಾಂಕು ಬಿರಿದದ್ದಲ್ಲಮ್ಮ, ಆಚೆ ಶೆಡ್ಡಿನಿಂದ ಗುಂಡು ಬಂದದ್ದು, ಹೊಡೆದವಳು ನಾನು ಅಂತ ಹೇಳಿಬಿಟ್ಟೆ. ಅವಳು ಬೇಲಿಯಾಚೆ ನಮ್ಮ ಜಿಂಕ್ ಶೀಟನ್ನು ನೋಡಿದಳು, ತೂತನ್ನು ನೋಡಿದಳು, ಬಕೆಟ್ ಕೆಳಗಿಟ್ಟಳು. ಏಪ್ರನ್ನಿನಲ್ಲಿ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತಳು. ನನ್ನ ಮುಖ ನೋಡಿ, ಕೋಪವಿಲ್ಲದೆ, ತಿಳಿದುಕೊಳ್ಳಬೇಕು ಅನ್ನುವ ಹಾಗೆ ಕೇಳಿದಳು.

"ಅಕ್ಕ, ನಿಮ್ಗೆ ಕಣ್ ಕಾಣ್ಸಾಕಿಲ್ವಾ?"

ಕಾಣಿಸುತ್ತೆ ಅಂತ ನನ್ನ ಬಾಯಿ ಹೇಳಿತು. ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದದ್ದೇ ಬಂತು. ಅವಳ ಪಕ್ಕ ಕುಳಿತು ಕೈ ಹಿಡಿದುಕೊಂಡೆ. ಮ್ಯಾನೇಜರು ಬಂದರು, ಕೂಗಾಡಿದರು, ಅವರು ಕೂಗಾಡಿದ್ದು ನ್ಯಾಯವಾಗಿಯೇ ಇತ್ತು. ಪೊಲೀಸರಿಗೆ ತಿಳಿಸುವುದು, ಟ್ಯಾಂಕು ಬದಲಾಯಿಸಿಕೊಡುವುದು, ಗೋಡೆ ಎದ್ದು ನಿಲ್ಲುವವರೆಗೆ ಶೆಡ್ಡಿನಲ್ಲಿ ಒಂದು ಗುಂಡೂ ಹಾರಿಸದಿರುವುದು, ಎಲ್ಲಕ್ಕೂ ಕಾರ್ಯದರ್ಶಿ ಒಪ್ಪಿಕೊಂಡರು. ಅವಳನ್ನು ಆ ಮಧ್ಯಾಹ್ನ ಮನೆಗೆ ಕಳಿಸಿದರು. ಹೋಗುವ ಮೊದಲು ಅವಳು ಬಕೆಟಿನ ನೀರನ್ನು ಗಿಡಕ್ಕೆ ಹಾಕಿ ಹೋದಳು.

ಶೆಡ್ಡಿಗೆ ವಾಪಸು ಬಂದ ಮೇಲೆ ಕಾರ್ಯದರ್ಶಿ ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟು, ಚುಕ್ಕೆ ಎಲ್ಲಿ ಇಟ್ಟು ಹೊಡೆದಿರಿ ಅಂತ ಕೇಳಿದರು. ವೃತ್ತದ ಮೇಲೇ ಅಂದೆ. ಅವರು ಗಾಜಿನೊಳಗೆ ನೋಡಿ, ಗುಂಡಿ ಒತ್ತಿ, ಮತ್ತೆ ಒತ್ತಿ, ಮೇಡಂ ಬ್ಯಾಟರಿ ಪೂರ್ತಿ ಸತ್ತಿದೆ, ಇದರಲ್ಲಿ ಚುಕ್ಕೆಯೇ ಉರಿಯುತ್ತಿಲ್ಲ ಅಂದರು. ನಾನು ಕಂಡೆ ಅಂದೆ. ಇಲ್ಲ ಅಂದರು. ದೇವರಾಣೆಗೂ ಕಂಡೆ ಸಾರ್, ದುಂಡಗೆ ಇತ್ತು ಅಂದೆ. ಅವರು ಪಿಸ್ತೂಲನ್ನು ತಿರುಗಿಸಿ ನಳಿಗೆಯ ಕಡೆಯಿಂದ ಗಾಜನ್ನು ನೋಡಿದರು. ಉಗುರಿನಿಂದ ಕೆರೆದು, ಆ ಬೆರಳನ್ನು ನನ್ನ ಮುಂದೆ ಹಿಡಿದರು.

ಕುಂಕುಮ.

ಆಯುಧಪೂಜೆಯ ದಿನ ನಮ್ಮ ಶೆಡ್ಡಿನಲ್ಲೂ ಎಲ್ಲ ಸಾಮಾನಿಗೂ ಪೂಜೆಯಾಗಿತ್ತು. ಗುಂಡು ತೆಗೆದ ಪಿಸ್ತೂಲುಗಳನ್ನು ಕಾರ್ಯದರ್ಶಿಯೇ ಮಣೆಯ ಮೇಲೆ ಜೋಡಿಸಿಟ್ಟಿದ್ದರು, ಅರಿಶಿನ ಕುಂಕುಮ ಹೂವು ಇಟ್ಟವನು ಶೆಡ್ಡಿನವನು. ಅವನನ್ನು ಕರೆದು ಕೇಳಿದರೆ ತಡವರಿಸದೆ ಹೇಳಿದ. ಉಳಿದ ಪಿಸ್ತೂಲುಗಳಿಗೆ ಹಿಡಿಕೆಗೆ ಇಟ್ಟನಂತೆ. ಇದಕ್ಕೆ ಗಾಜಿನ ಕಣ್ಣಿದೆಯಲ್ಲ, ಕಣ್ಣಿನ ಮೇಲೆ ಇಡಬೇಕು ಅನ್ನಿಸಿತಂತೆ. ಪೂಜೆ ಹೊತ್ತಲ್ಲಿ ಒಳಗಿನ ದೀಪವೂ ಉರಿಯಲಿ ಅಂತ ಗುಂಡಿ ಒತ್ತಿಟ್ಟನಂತೆ, ಆರಿಸುವುದು ಮರೆತುಹೋಯಿತಂತೆ. ಮಾರನೆಯ ದಿನ ಎಲ್ಲವನ್ನೂ ಒರೆಸಿ ಎತ್ತಿಟ್ಟ. ಗಾಜನ್ನು ಮಾತ್ರ ಒರೆಸಲಿಲ್ಲ.

"ಬಟ್ಟೆ ಮುಟ್ಟುಸ್ಬ್ಯಾಡ ಅಂತ ನೀವೇ ಯೋಳಿದ್ರಲ್ಲಕ್ಕ" ಅಂದ. ಅಳುವ ಹಾಗಿದ್ದ.

ಕಾರ್ಯದರ್ಶಿ ನನಗೆ ಸಮಾಧಾನ ಹೇಳಿದರು. ಒಳಗಿನ ಚುಕ್ಕೆ ಗುಂಡು ಹೋಗುವ ದಾರಿ ತೋರಿಸುತ್ತದೆ, ಗಾಜಿನ ಮೇಲಿನ ಬೊಟ್ಟು ಏನನ್ನೂ ತೋರಿಸುವುದಿಲ್ಲ, ಅದನ್ನು ವೃತ್ತದ ಮೇಲೆ ಕೂರಿಸಿದರೂ ನಳಿಗೆ ಎಲ್ಲಿಗೋ ನೋಡುತ್ತಿರುತ್ತದೆ, ಇದರಲ್ಲಿ ನಿಮ್ಮ ತಪ್ಪೇನಿದೆ, ಕೊಡುವ ಮೊದಲು ನಾನು ನೋಡಬೇಕಿತ್ತು ಅಂದರು. ಶೆಡ್ಡಿನವನಿಗೂ ಬೈಯಲಿಲ್ಲ. ಆಮೇಲೆ ಬಂದ ಇನ್ನೂ ಇಬ್ಬರು ಹಳಬರು ಕಥೆ ಕೇಳಿ, ಹೋಗಲಿ ಬಿಡಿ ಮೇಡಂ, ತಾಯಿ ಚಾಮುಂಡಿ ಕಾಪಾಡಿದಳು, ಕುಂಕುಮದಿಂದ ಆದದ್ದು, ಕಣ್ಣಿಂದ ಅಲ್ಲವಲ್ಲ ಅಂದರು. ಎಲ್ಲರಿಗೂ ಉಸಿರು ಬಂದ ಹಾಗಾಗಿತ್ತು.

ನನಗೆ ಮಾತ್ರ ಹಗುರವಾಗಲಿಲ್ಲ. ಅವರಿಗೆ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಉರಿಯುವ ಚುಕ್ಕೆಗೂ ಒಣಗಿದ ಕುಂಕುಮಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ನಾನು ಕುರುಡಿಯಾಗಿರಲಿಲ್ಲ. ಮಂಕಾಗಿದೆ ಅಂತ ಕಂಡಿತ್ತು, ದಪ್ಪಗಿದೆ ಅಂತ ಕಂಡಿತ್ತು, ಗುಂಡಿ ಒತ್ತಿದರೆ ಬದಲಾಗುವುದಿಲ್ಲ ಅಂತಲೂ ಕಂಡಿತ್ತು. ಬಾಲವಿಲ್ಲ ಅನ್ನುವ ಒಂದೇ ಕಾರಣಕ್ಕೆ ಉಳಿದದ್ದನ್ನೆಲ್ಲ ಬೇಡ ಅಂದುಬಿಟ್ಟಿದ್ದೆ. ಕಣ್ಣು ಸರಿಯಿದೆ ಅಂತ ನನಗೆ ಅಷ್ಟು ಬೇಕಾಗಿತ್ತು. ಇನ್ನೊಂದು ಕ್ಷಣ ಮೊದಲು ಆ ಹೆಂಗಸು ಡಬ್ಬಿ ತೊಳೆದು ಎದ್ದಿದ್ದರೆ? ನನ್ನ ಹೆದರಿಕೆಗೆ ಅವಳು ಸಾಯುತ್ತಿದ್ದಳಲ್ಲ.

ಸಾಯಂಕಾಲ ಮನೆಗೆ ಹೋಗಿ ಯಜಮಾನರಿಗೆ ಎಲ್ಲ ಹೇಳಿದೆ. ಟ್ಯಾಂಕು, ಕುಂಕುಮ, ಬಾಲ, ಸರ್ವಿಸ್ ರಸ್ತೆಯ ಸ್ಕೂಟರು, ಎಲ್ಲ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಹೋಗಿ ಫೋನು ತಂದು, ಕಣ್ಣಿನ ಆಸ್ಪತ್ರೆಗೆ ನಾಳೆಗೇ ಸಮಯ ಗೊತ್ತು ಮಾಡಿದರು. ಅಷ್ಟು ಹೊತ್ತೂ ನನ್ನ ಕಡೆ ನೋಡಲಿಲ್ಲ. ಅವರಿಗೂ ಹೆದರಿಕೆಯಾಗಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಬಲಗಣ್ಣು ನೋಡಿದರು. ಗಾಜಿನ ತುಂಡುಗಳನ್ನು ಬದಲಾಯಿಸುತ್ತಾ ಗೋಡೆಯ ಮೇಲೆ ಒಂದು ಬೆಳಕಿನ ಚುಕ್ಕೆ ತೋರಿಸಿದರು. ಯಾವುದೋ ಒಂದು ಗಾಜಿಗೆ ಬಾಲ ತಟ್ಟನೆ ಮಾಯವಾಯಿತು. ಕಣ್ಣಿನ ಗುಡ್ಡೆಯ ಆಕಾರ ಸ್ವಲ್ಪ ಓರೆ, ಅದಕ್ಕೇ ಉರಿಯುವ ಬೆಳಕಿಗೆ ಬಾಲ ಬರುತ್ತದೆ, ಜೊತೆಗೆ ಪೊರೆ ಶುರುವಾಗಿದೆ ಅಂದರು. ಪೊರೆ ಬಲಿತಾಗ ತೆಗೆದರಾಯಿತು, ಅಲ್ಲಿವರೆಗೆ ಸರಿಯಾದ ಕನ್ನಡಕ ಸಾಕು, ಈ ವಯಸ್ಸಿಗೆ ಎಲ್ಲರಿಗೂ ಬರುವುದೇ. ಇಷ್ಟೇನಾ ಅಂದೆ. ಇಷ್ಟೇ ಅಂದರು. ಇಷ್ಟಕ್ಕಾ ನಾನು ಇಷ್ಟು ದಿನ ಸತ್ತು ಸತ್ತು ಬದುಕಿದ್ದು ಅನ್ನಿಸಿ ಜೋರಾಗಿ ನಗು ಬಂತು. ಅವರೂ ನಕ್ಕರು. ನಗುತ್ತಲೇ ಎಡಗಣ್ಣಿಗೆ ಯಂತ್ರ ತಿರುಗಿಸಿದರು.

ಎಡಗಣ್ಣನ್ನು ಬಹಳ ಹೊತ್ತು ನೋಡಿದರು. ನೀಲಿ ದೀಪ ಹಚ್ಚಿ ನೋಡಿದರು, ಆರಿಸಿ ಮತ್ತೆ ಹಚ್ಚಿ ನೋಡಿದರು. ಮನೆಯಲ್ಲಿ ಯಾರಿಗಾದರೂ ಕಣ್ಣಿನ ಒತ್ತಡ ಇತ್ತಾ ಅಂತ ಕೇಳಿದರು. ಅಮ್ಮನಿಗೆ ಅಂದೆ. ಈ ಕಣ್ಣಿನ ಪಕ್ಕದಲ್ಲಿ ಏನಾದರೂ ಕಾಣದೆ ಇದ್ದದ್ದು ಗೊತ್ತಾಗಲಿಲ್ಲವಾ ಅಂದರು. ಗುರಿ ಹಿಡಿಯುವಾಗ ಅದನ್ನು ಮುಚ್ಚಿಕೊಂಡಿರುತ್ತೇನೆ, ಉಳಿದ ಹೊತ್ತಲ್ಲಿ ಯೋಚನೆ ಮಾಡಲಿಲ್ಲ ಅಂದೆ. ಅವರು ಒಂದು ಚೀಟಿ ಬರೆದು ಪಕ್ಕದ ಕೋಣೆಗೆ ಕಳಿಸಿದರು.

ಅದು ಕತ್ತಲೆಯ ಪುಟ್ಟ ಕೋಣೆ. ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ಗಲ್ಲ ಒಂದು ಪಟ್ಟಿಯ ಮೇಲೆ ಇಡಿಸಿದರು. ಕೈಗೆ ಒಂದು ಗುಂಡಿ ಕೊಟ್ಟರು. ಯಂತ್ರ ನಡೆಸುವವಳು ಎಳೆ ವಯಸ್ಸಿನ ಹುಡುಗಿ, ದನಿ ಬಹಳ ಮೆತ್ತಗೆ. ನೇರ ಎದುರಿನ ಹಳದಿ ದೀಪ ನೋಡುತ್ತಾ ಇರಬೇಕು, ಸುತ್ತಮುತ್ತ ಎಲ್ಲಾದರೂ ಬೆಳಕಿನ ಚುಕ್ಕೆ ಮಿನುಗಿದರೆ ಗುಂಡಿ ಒತ್ತಬೇಕು, ಕಾಣದಿದ್ದರೆ ಒತ್ತಬಾರದು ಅಂದಳು. ಬಲಗಣ್ಣಿಗೆ ಮಾಡಿದಾಗ ಚುಕ್ಕೆಗಳು ಮೇಲೆ, ಕೆಳಗೆ, ಪಕ್ಕದಲ್ಲಿ ಮಿಣಮಿಣ ಅಂತ ಬರುತ್ತಲೇ ಇದ್ದವು. ಒತ್ತಿದ್ದೇ ಒತ್ತಿದ್ದು. ಪರವಾಗಿಲ್ಲ, ಚುರುಕಾಗಿದ್ದೀರಿ ಅಂದಳು. ಪ್ರತಿ ಚುಕ್ಕೆಗೆ ಮೊದಲು ಯಂತ್ರದೊಳಗೆ ಸಣ್ಣಗೆ ಕರ್ ಅನ್ನುವ ಸದ್ದಾಗುತ್ತದೆ, ಅದನ್ನು ನಾನು ಗಮನಿಸಿದೆ.

ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಶುರು ಮಾಡಿದಳು. ಒಂದೆರಡು ಚುಕ್ಕೆ ಬಂದವು, ಒತ್ತಿದೆ. ಆಮೇಲೆ ಕರ್ ಅಂತು, ಏನೂ ಬರಲಿಲ್ಲ. ಮತ್ತೆ ಕರ್ ಅಂತು. ಹಳದಿ ದೀಪ ನೋಡುತ್ತಾ ಕಾದೆ. ಮತ್ತೆ ಕರ್. ಎಲ್ಲೋ ಒಂದು ಕಡೆ ಚುಕ್ಕೆ ಮಿನುಗಿ ಆರುತ್ತಿದೆ, ನನಗೆ ಬರೀ ಸದ್ದು ಬರುತ್ತಿದೆ ಅಂತ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸದ್ದು ಕೇಳಿದಾಗೆಲ್ಲ ಒತ್ತಿಬಿಡಬಹುದಿತ್ತು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು, ಒತ್ತು ಒತ್ತು ಅಂತ ಮನಸ್ಸು ಬೇಡಿಕೊಳ್ಳುತ್ತಿತ್ತು. ನಾನು ಒತ್ತಲಿಲ್ಲ. ಕರ್ ಅಂತು. ಒತ್ತಲಿಲ್ಲ.

ಹುಡುಗಿ ಹಿಂದಿನಿಂದ ಬಂದು ನನ್ನ ಭುಜ ಮುಟ್ಟಿದಳು.

"ಆಂಟಿ, ನಿದ್ದೆ ಬಂತಾ?"

"ಇಲ್ಲಮ್ಮ, ಎಚ್ಚರವಾಗೇ ಇದ್ದೀನಿ" ಅಂದೆ. "ನೀನು ಮಾಡು."